ಓಕ್ ತೋಪಿನಲ್ಲಿ ಎರಡು ಗುಂಡು

ಚಾಟ್ಸ್‌ವರ್ತ್‌ನ ನಮ್ಮ ಮನೆಯಿಂದ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ಗೆ ನೂರಾ ನಲವತ್ತು ಮೈಲಿ ಚಿಲ್ಲರೆ. ದಾರಿ ಖಾಲಿಯಿದ್ದರೆ ಎರಡೂವರೆ ತಾಸು. ಲಾಸ್ ಏಂಜಲೀಸ್‌ನಲ್ಲಿ ದಾರಿ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಕೋವಿಡ್ ಕಾಲದಲ್ಲಿ ಮಾತ್ರ, ಆಗ ಹೋಗಬೇಕಾದ ಕಡೆಗೆ ಹೋಗುವ ಹಾಗಿರಲಿಲ್ಲ. ಕಳೆದ ಫೆಬ್ರವರಿಯ ಆ ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟರೂ ವಿಮಾನ ನಿಲ್ದಾಣದ ಹತ್ತಿರ ಕಾರುಗಳು ನಿಂತೇಬಿಟ್ಟಿದ್ದವು. ಹಿಂದಿನ ಸೀಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿಯ ಡಬ್ಬಿ. ನಾನು ಹೊರಟಿದ್ದದ್ದು ಹಂದಿ ಬೇಟೆಗೆ.

"ಜೊಂಡಿಗ್ಯಾ ಹೊಡಿಯಾಕ ನನ್ನ ಕರಿಯಾಕಿ, ಹಂದಿ ಹೊಡಿಯಾಕ ಹೊಂಟಾಳ ನೋಡ್ರಿ!" ಅಂತ ಬಾಗಿಲಲ್ಲಿ ನಿಂತು ನಮ್ಮವರು ನಕ್ಕಿದ್ದರು. ನಗಲಿ ಬಿಡಿ, ಮನೆಯಲ್ಲಿ ಜಿರಳೆ ಕಂಡರೆ ನಾನು ಕೂಗುವುದು ಅವರನ್ನೇ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊಟ್ಟೆ ಒಡೆದ ಇತಿಹಾಸವೂ ಇಲ್ಲ. ನಾನು ಕೋವಿ ಹಿಡಿಯುವವಳಲ್ಲ, ಕಾರು ಹಿಡಿಯುವವಳು. ಕೋವಿ ಹಿಡಿಯುವವಳು ನನ್ನ ಗೆಳತಿ ದೇಚಮ್ಮ.

ದೇಚಮ್ಮ ಕೊಡಗಿನವಳು. ಇಬ್ಬರೂ ಹೊಸದಾಗಿ ಮದುವೆಯಾಗಿ ಈ ದೇಶಕ್ಕೆ ಬಂದಾಗ ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರು ಬದುರು ಬಾಗಿಲು. ಅವಳ ಗಂಡ ಪೂವಯ್ಯ ಟೆಲಿಕಾಂ ಎಂಜಿನಿಯರ್. ಅವರು ಸ್ಯಾನ್ ಡಿಯಾಗೋಗೆ ಹೋದ ಮೇಲೂ ನಮ್ಮ ಬಳಕೆ ತಪ್ಪಲಿಲ್ಲ. ಅವಳ ಅಡುಗೆಮನೆಯಲ್ಲಿ ನನಗೆಂದೇ ಒಂದು ಪಾತ್ರೆ, ಒಂದು ಸೌಟು ಬೇರೆ ಇಟ್ಟಿದ್ದಳು. ಅದನ್ನು ಅವಳು ಒಮ್ಮೆಯೂ ಹೇಳಿ ತೋರಿಸಿದವಳಲ್ಲ.

ಸ್ಯಾನ್ ಡಿಯಾಗೋದ ಪೂರ್ವಕ್ಕೆ, ಬೆಟ್ಟದ ಕಡೆ, ರೂಬೆನ್ ಅನ್ನುವ ಒಬ್ಬ ಮುದುಕನ ದನದ ರ್ಯಾಂಚ್ ಇದೆ. ಅಲ್ಲಿ ಕಾಡುಹಂದಿಗಳ ಕಾಟ. ಇವು ಆ ಬೆಟ್ಟದಲ್ಲಿ ಹುಟ್ಟಿ ಬಂದ ಪ್ರಾಣಿಗಳಲ್ಲ. ಯಾರೋ ಬೇಟೆಯ ಮೋಜಿಗೆ ತಂದು ಬಿಟ್ಟರಂತೆ, ಅವು ಬೆಳೆದು ಊರೆಲ್ಲ ಹಬ್ಬಿದವು. ಪೂವಯ್ಯ ಚಳಿಗಾಲದಲ್ಲಿ ರೂಬೆನ್ ಕರೆದಾಗಲೆಲ್ಲ ಹೋಗಿ ಹಂದಿ ಹೊಡೆದು ಕೊಡುತ್ತಿದ್ದ. ನಡುವೆ ಕೆಲವು ವರ್ಷ ಹಂದಿಗಳು ಕಾಣಲಿಲ್ಲ, ಕರೆಯೂ ಬರಲಿಲ್ಲ. ಈ ಸಲ ಮಳೆ ಚೆನ್ನಾಗಿ ಆಗಿ ಅವು ತಿರುಗಿ ಬಂದವು. ರೂಬೆನ್ ಫೋನ್ ಮಾಡಿದ.

ಆದರೆ ಪೂವಯ್ಯ ಇರಲಿಲ್ಲ. ಕೋವಿಡ್‌ನ ಮೊದಲ ಚಳಿಗಾಲದಲ್ಲಿ ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಅವನ ಫೋನನ್ನು ದೇಚಮ್ಮ ಅವತ್ತಿನಿಂದಲೂ ಅಡುಗೆ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿಯೇ ಇಟ್ಟಿದ್ದಳು. ರೂಬೆನ್ನನ ಕರೆ ಬಂದದ್ದು ಆ ಫೋನಿಗೇ. "ಪೂ ಎಲ್ಲಿ? ಹಂದಿ ಬಂದಿವೆ ಅಂತ ಹೇಳು" ಅಂದನಂತೆ. "ಅವರು ಬರೋಕಾಗಲ್ಲ, ನಾನು ಬರ್ತೀನಿ" ಅಂದಳಂತೆ ಇವಳು. ಅಷ್ಟೇ. ಸತ್ತುಹೋದರು ಅನ್ನುವ ಒಂದು ಮಾತು ಅವಳ ಬಾಯಿಂದ ಹೊರಡಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ ಅತ್ತಳು. "ಎದುರಿಗೆ ನಿಂತು ಹೇಳ್ತೀನಿ ಸರೋಜಾ, ನೀನು ಜೊತೆಗಿರು" ಅಂದಳು. ಅದಕ್ಕೆ ನಾನು ಕಾರು ಹೊರಡಿಸಿದ್ದು.

ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆ ಸಮುದ್ರ ಕಂಡಿತು. ಮೋಡ ಇಳಿದು ನೀರೂ ಆಕಾಶವೂ ಒಂದೇ ಬೂದುಬಣ್ಣ. ಓಷನ್‌ಸೈಡಿನಲ್ಲಿ ಪೆಟ್ರೋಲ್ ಹಾಕಿಸಿ, ಪೇಪರ್ ಲೋಟದ ಕೆಟ್ಟ ಕಾಫಿ ಕುಡಿದು, ಹತ್ತೂವರೆ ಹೊತ್ತಿಗೆ ಪೆನಾಸ್ಕಿಟೋಸ್ ಮುಟ್ಟಿದೆ.

ದೇಚಮ್ಮನ ಮಗಳು ನೀಲಾ ಬಾಗಿಲು ತೆಗೆದಳು. ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಕೆಲಸ, ಆವತ್ತು ರಜೆ ಹಾಕಿದ್ದಳು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಬೈದರೆ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾಯಿ ಒಳಗೆ ಹೋದದ್ದೇ ತಡ, ನನ್ನ ತೋಳು ಹಿಡಿದುಕೊಂಡಳು. ಅಮ್ಮ ಅಪ್ಪನ ರೈಫಲ್ ಹೊರಗೆ ತೆಗೆದಾಗಿನಿಂದ ತನಗೆ ನಿದ್ದೆಯಿಲ್ಲ, ಹಂದಿ ಎಷ್ಟು ಸಾಯಲಿ ಬಿಡಲಿ ಅಪ್ಪ ತಿರುಗಿ ಬರುವುದಿಲ್ಲ, ಇದನ್ನು ನಿಲ್ಲಿಸಿ ಆಂಟಿ, ಅಂದಳು.

"ನಿಮ್ಮವ್ವ ನನ್ನ ಮಾತು ಯಾವಾಗ ಕೇಳ್ಯಾಳವಾ? ನೀನೂ ಬಾ ನಮ್ಮ ಜೋಡಿ" ಅಂದೆ.

"ನೋ. ಐ ಕಾಂಟ್, ಆಂಟಿ" ಅಂದು ಮುಖ ತಿರುಗಿಸಿದಳು.

ಆವತ್ತು ಪೂರ್ತಿ ದೇಚಮ್ಮ ತಯಾರಿಯಲ್ಲೇ ಕಳೆದಳು. ಬೇಟೆ ಲೈಸೆನ್ಸ್ ತಾನೇ ಅಪ್ಲೈ ಮಾಡಿ ತೆಗೆದುಕೊಂಡಿದ್ದಳು. ಗುಂಡುಗಳು ತಾಮ್ರದವು. ಸೀಸದ ಗುಂಡು ಈ ರಾಜ್ಯದಲ್ಲಿ ನಿಷಿದ್ಧ, ಅದು ತಾಗಿ ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳಿಗೆ ವಿಷವೇರುತ್ತದಂತೆ. ಗುರಿಯಲ್ಲಿ ಅವಳೇನು ಕಡಿಮೆಯಲ್ಲ. ಕೊಡಗಿನವರು ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಅಣ್ಣಂದಿರಿಗಿಂತ ಮೊದಲು ಒಡೆದವಳು. ನನಗೂ ಒಂದು ಕಿತ್ತಳೆ ಬಣ್ಣದ ಜಾಕೆಟ್ ತಂದಿಟ್ಟಿದ್ದಳು. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ, ರಸ್ತೆ ರಿಪೇರಿಗೆ ಹೊರಟ ಹಾಗಿದ್ದೆ. ಆವತ್ತು ಅವಳು ನಕ್ಕದ್ದು ಅದೊಂದೇ ಸಲ.

ಶನಿವಾರ ಹತ್ತು ಗಂಟೆಗೆ ಹೊರಟೆವು. ಪೊವೆ ದಾಟಿ ರಮೋನಾ ಕಡೆಗೆ ದಾರಿ ಏರುತ್ತದೆ. ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾಯುವ ಆ ಗುಡ್ಡಗಳು ಮಳೆ ಬಿದ್ದು ಹಸಿರಾಗಿದ್ದವು. ರಮೋನಾ ದಾಟಿತು. ಆಮೇಲೆ ದೇಚಮ್ಮ ತಾನಾಗಿ ಮಾತು ಶುರು ಮಾಡಿದಳು.

"ಅವರನ್ನ ರೂಬೆನ್ 'ಒನ್ ಶಾಟ್' ಅಂತ ಕರೀತಿದ್ದ, ಗೊತ್ತಾ? ಒಂದೇ ಗುಂಡು ಹೊಡೀತಿದ್ರು. ಬಿತ್ತು ಅಂದ್ರೆ ಬಿತ್ತು. ತಪ್ತು ಅಂದ್ರೆ ಕೂತ್ಕೊಂಡುಬಿಡೋರು. ಹಂದಿ ಕಣ್ಣೆದುರಿಗೇ ಓಡಿದ್ರೂ ಬೆನ್ನಿಗೆ ಇನ್ನೊಂದು ಹೊಡೀತಿರ್ಲಿಲ್ಲ."

"ಯಾಕ?"

"ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು. ಒಟ್ಟಿಗೆ ಎರಡು ಗುಂಡು ಕೇಳಿಸ್ತು ಅಂದ್ರೆ ಆ ಮನೇಲಿ ಯಾರೋ ಹೋದ್ರು ಅಂತ. ಕೇಳಿದವರು ಕೈಯಲ್ಲಿರೋ ಕೆಲಸ ಬಿಟ್ಟು ಬರ್ತಾರೆ. ಕರೆಯೋ ಹಾಗಿಲ್ಲ, ಅವರಾಗೇ ಬರ್ತಾರೆ. ಅದಕ್ಕೇ ಸುಮ್ಮಸುಮ್ಮನೆ ಎರಡು ಹೊಡೀಬಾರ್ದು ಅನ್ನೋರು. ರೂಬೆನ್‌ಗೂ ಹೇಳಿದ್ರು ಇದನ್ನ."

ಕಿಟಕಿಯ ಕಡೆ ತಿರುಗಿಕೊಂಡು ಮುಂದುವರಿಸಿದಳು.

"ಅವರು ಹೋದಾಗ ಆ ಎರಡು ಗುಂಡು ಆಗ್ಲಿಲ್ಲ ಸರೋಜಾ. ಆ ಬೇಲಿಗೆ ಬೇಲಿ ಅಂಟಿರೋ ಮನೆಗಳ ಮಧ್ಯ ಎಲ್ಲಿ ಹೊಡೆಯೋದು?"

"ಹೊಡದಿದ್ರ ಪೊಲೀಸರು ಬರ್ತಿದ್ರವಾ."

"ಪೊಲೀಸಾದ್ರೂ ಬರ್ತಿದ್ರಲ್ಲ" ಅಂದಳು.

ಆವತ್ತು ಯಾರೂ ಹೋಗಿರಲಿಲ್ಲ. ಹೋಗುವ ಹಾಗಿರಲಿಲ್ಲ, ನಿಜ. ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಕೂತು ಪೂವಯ್ಯನ ಅಂತ್ಯಕ್ರಿಯೆಯನ್ನು ಕಂಪ್ಯೂಟರಿನಲ್ಲಿ ನೋಡಿದೆವು. ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಒಬ್ಬೊಬ್ಬರೇ ಬಟನ್ ಒತ್ತಿ ಹೋದೆವು. ಅವಳ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ.

ರೂಬೆನ್‌ಗೆ ಎದುರು ನಿಂತು ವಿಷಯ ಹೇಳಬೇಕು, ಬೇಟೆ ಮುಗಿದ ಮೇಲೆ ಅವನ ಅಪ್ಪಣೆ ಕೇಳಿ ಮಣ್ಣಿನ ದಿಬ್ಬಕ್ಕೆ ಎರಡು ಗುಂಡು ಹೊಡೆಯಬೇಕು, ಗಂಡನ ಹೆಸರಲ್ಲಿ. ಅದು ಅವಳ ಯೋಚನೆ. "ಹಂದಿಗೆ ಒಂದು, ಅವರಿಗೆ ಎರಡು" ಅಂದಳು.

ಸಾಂತಾ ಇಸಬೆಲ್‌ನ ಬೇಕರಿಯಲ್ಲಿ ಒಂದು ಆ್ಯಪಲ್ ಪೈ ಕೊಂಡೆವು. ಅಲ್ಲಿಂದ ಕಲ್ಲುಮಣ್ಣಿನ ದಾರಿ. ಫೋನಿನ ಸಿಗ್ನಲ್ ಹೋಯಿತು. ಗೇಟಿನ ಹತ್ತಿರ ಕೆಸರಿನಲ್ಲಿ ನನ್ನ ಕಾರು ಜಾರಿ ಜಾರಿ ಹೋಗುವಾಗ ಮೇಲಿನ ದೇವರನ್ನೆಲ್ಲ ನೆನೆದೆ.

ರೂಬೆನ್ ವರಾಂಡದಲ್ಲೇ ಕಾದಿದ್ದ. ಎಂಬತ್ತರ ಹತ್ತಿರ ವಯಸ್ಸು, ಒಂದು ಮಂಡಿ ಬಗ್ಗುವುದಿಲ್ಲ, ಕೈಯಲ್ಲಿ ಕೋಲು, ತಲೆಯ ಮೇಲೆ ಬೆವರಿನ ಗೆರೆ ಕೂತ ಹ್ಯಾಟ್. ನಮ್ಮ ಕಾರಿನ ಹಿಂದೆ ಇನ್ನೊಂದು ಕಾರು ಬರುತ್ತದೇನೋ ಅಂತ ದಾರಿಯ ಕಡೆ ನೋಡಿದ.

"ಪೂ ಬರಲೇ ಇಲ್ಲವಾ? ಏನು, ಬೆನ್ನುನೋವಾ?" ಅಂದ.

ದೇಚಮ್ಮ ಬಾಯಿ ತೆರೆದಳು. ಹೇಳುತ್ತಾಳೆ ಅಂದುಕೊಂಡೆ. "ಬರಲಿಲ್ಲ" ಅಂದಳು ಅಷ್ಟೇ.

ಒಳಗೆ ಮೇಜಿನ ಮೇಲೆ ಊಟ ಇಟ್ಟಿದ್ದ. ಬೀನ್ಸ್ ಕಾಳಿನ ಸಾರಿನಂತಹದೊಂದು, ನಮ್ಮ ರೊಟ್ಟಿಯಂಥ ಟಾರ್ಟಿಯಾ, ಮೆಣಸಿನಕಾಯಿ. ಸಾರಿನಲ್ಲಿ ಮಾಂಸ ಇದೆಯಾ ಅಂತ ಕೇಳುವ ಮೊದಲೇ, "ಸಸ್ಯಾಹಾರಿ ಗೆಳತಿ ಬರುತ್ತಾಳೆ ಅಂತ ಇವಳು ಹೇಳಿದ್ದಳು, ಬರೀ ಕಾಳು" ಅಂದ. ನಾನು ಒಯ್ದಿದ್ದ ಜೋಳದ ರೊಟ್ಟಿಯನ್ನು ಮುರಿದು ಚಟ್ನಿಯಲ್ಲಿ ಅದ್ದಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ತೆಗೆದುಕೊಂಡ. ಆ ಮನುಷ್ಯನ ಮೇಲೆ ಆಗಲೇ ನನಗೆ ಪ್ರೀತಿ ಹುಟ್ಟಿತು.

ಊಟವಾದ ಮೇಲೆ ಕಪಾಟಿನಿಂದ ಒಂದು ಗಾಜಿನ ಜಾಡಿ ತೆಗೆದು ದೇಚಮ್ಮನ ಮುಂದಿಟ್ಟ. ಹಳೆಯ ಬೇಟೆಯ ಹಂದಿಮಾಂಸಕ್ಕೆ ಕೊಡಗಿನ ಕಪ್ಪು ಹುಳಿ ಹಾಕಿ ಅವಳು ಮಾಡಿದ್ದ ಉಪ್ಪಿನಕಾಯಿ ಇದ್ದ ಜಾಡಿ. ಪೂವಯ್ಯ ತಂದು ಕೊಟ್ಟಿದ್ದನಂತೆ.

"ತೊಳೆದು ಇಟ್ಟಿದ್ದೇನೆ ಅಂತ ಪೂಗೆ ಹೇಳು. ಜಾಡಿ ಖಾಲಿಯಾಗಿ ವರ್ಷಗಳಾದವು, ಎಲ್ಲಿ ಸತ್ತುಹೋದ ಅಂತ ಬೈದೆ ಅಂತಲೂ ಹೇಳು" ಅಂದು ನಕ್ಕ.

ದೇಚಮ್ಮ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಹೇಳೇ ಮಾರಾಯ್ತಿ, ಹೇಳಿಬಿಡು. ಇಲ್ಲ. ನಾನೇ ಹೇಳಿಬಿಡಲೇ ಅನ್ನಿಸಿತು. ಆದರೆ ಅದು ನನ್ನ ಬಾಯಿಂದ ಬರುವ ಮಾತಾಗಿರಲಿಲ್ಲ. ಎದ್ದು ತಟ್ಟೆಗಳನ್ನು ಎತ್ತಿಟ್ಟೆ.

ಸಂಜೆಗೆ ಮುಂಚೆ ರೂಬೆನ್ ತನ್ನ ಹಳೆಯ ಟ್ರಕ್ಕಿನಲ್ಲಿ ನಮ್ಮನ್ನು ಹಳ್ಳದವರೆಗೆ ಬಿಟ್ಟ. ಮನೆಯಿಂದ ಅರ್ಧ ಮೈಲಿ. ಹಳ್ಳದ ದಂಡೆಯುದ್ದಕ್ಕೂ ಹಳೆಯ ಓಕ್ ಮರಗಳು. ಅವುಗಳ ಬುಡದಲ್ಲಿ ಹಂದಿಗಳು ಕೆದರಿಟ್ಟ ನೆಲ ನೋಡಿ ಅಯ್ಯೋ ಅನ್ನಿಸಿತು. ರಂಟೆ ಹೊಡೆದ ಹೊಲವಾದರೂ ಸಾಲು ಇರುತ್ತದೆ. ಇಲ್ಲಿ ಬೇರು ಮೇಲೆ, ಹುಲ್ಲು ಕೆಳಗೆ. ನೀರಿನ ಗುಂಡಿಗಳು ರಾಡಿ. ದನಗಳು ಆ ನೀರು ಮೂಸಿ ತಿರುಗಿ ಹೋಗುತ್ತವಂತೆ.

"ನನ್ನ ಅಪ್ಪನ ಕಾಲದಿಂದ ಇಲ್ಲಿ ಹೊಸ ಓಕ್ ಗಿಡ ಏಳುವುದನ್ನು ಕಾಯುತ್ತಿದ್ದೇವೆ. ಈಗ ಬೀಜ ಬಿದ್ದರೆ ಸಾಕು, ಈ ಹಂದಿಗಳು ತಿಂದು ಮುಗಿಸುತ್ತವೆ" ಅಂದ ರೂಬೆನ್. "ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ತಂದು ಬಿಟ್ಟವನು ಸಿಕ್ಕಿದ್ದರೆ ಬೇರೆ ಮಾತು." ಬೋನು ಇಟ್ಟು ನೋಡಿದ್ದ. ಒಂದೆರಡು ಮರಿ ಬಿದ್ದವು, ದೊಡ್ಡವು ಬುದ್ಧಿ ಕಲಿತವು. ಹೊರಡುವ ಮುಂಚೆ ದೇಚಮ್ಮನ ಕಡೆ ತಿರುಗಿ, "ಇವತ್ತೂ ಒಂದೇ ಗುಂಡೋ?" ಅಂತ ಚೇಷ್ಟೆ ಮಾಡಿದ.

"ಒಂದೇ" ಅಂದಳು ಅವಳು.

ಗಾಳಿ ನಮ್ಮ ಮುಖಕ್ಕೆ ಬೀಸುವ ಜಾಗ ನೋಡಿ ಒಂದು ಬಂಡೆಯ ಹಿಂದೆ ಕೂತೆವು. ಚಳಿ ಏರತೊಡಗಿತು. ನನಗೆ ಕೆಮ್ಮು ಬರುವ ಹಾಗಾಗಿ ಸೆರಗಿಲ್ಲದ ಜಾಕೆಟ್ಟಿನ ತೋಳನ್ನೇ ಬಾಯಿಗೆ ತುರುಕಿಕೊಂಡೆ. ಗಂಡುಹಂದಿ ಹೊಡೆದರೆ ಪ್ರಯೋಜನವಿಲ್ಲ, ಹೆಣ್ಣನ್ನೇ ಹೊಡೆಯಬೇಕು, ಇಲ್ಲವಾದರೆ ಬರುವ ವರ್ಷಕ್ಕೆ ಮತ್ತಷ್ಟು ಅಂತ ದೇಚಮ್ಮ ಮೊದಲೇ ಹೇಳಿದ್ದಳು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಬಿಸಿಲು ಗುಡ್ಡದ ನೆತ್ತಿಗೆ ಹೋದಾಗ ಅವು ಬಂದವು. ಮುಂದೆ ಒಂದು ದೊಡ್ಡ ಹೆಣ್ಣು, ಕಪ್ಪು, ಬೆನ್ನಿನ ಕೂದಲು ನಿಗುರಿದ್ದು. ಹಿಂದೆ ಅರ್ಧ ಬೆಳೆದ ಮರಿಗಳು, ಒಂದನ್ನೊಂದು ಮೂತಿಯಿಂದ ದೂಡುತ್ತಾ. ತಾಯಿ ನಿಂತು ಗಾಳಿ ಮೂಸಿತು. ಮರಿಗಳೂ ನಿಂತವು. ಇದನ್ನು ಕೊಲ್ಲಬೇಡ ಅಂತ ಹೇಳಲು ನನ್ನ ನಾಲಗೆಯ ತುದಿಗೆ ಬಂತು. ಕೆದರಿದ ನೆಲ ಕಣ್ಣೆದುರಿಗೇ ಇತ್ತು, ಹೇಳಲಿಲ್ಲ.

ಗುಂಡು ಹಾರಿತು. ಹಂದಿ ಬಿತ್ತು, ಮರಿಗಳು ಚೆಲ್ಲಾಪಿಲ್ಲಿಯಾಗಿ ಪೊದೆ ಸೇರಿದವು. ಆದರೆ ಬಿದ್ದದ್ದು ಸಾಯಲಿಲ್ಲ. ಏಟು ಸ್ವಲ್ಪ ಹಿಂದೆ ಬಿದ್ದಿತ್ತು. ಮುಂಗಾಲು ಊರಿ ಏಳಲು ನೋಡುತ್ತಾ ಅದು ಕಿರುಚತೊಡಗಿತು. ಆ ಕೂಗನ್ನು ಹೇಗೆ ಹೇಳಲಿ? ಮನುಷ್ಯರೇ ಕೂಗಿದ ಹಾಗಿತ್ತು. ಪೊದೆಯೊಳಗಿಂದ ಒಂದು ಮರಿ ಉತ್ತರ ಕೊಟ್ಟಿತು.

ದೇಚಮ್ಮ ಕೋವಿ ಇಳಿಸಿ ಕಲ್ಲಿನ ಹಾಗೆ ನಿಂತಿದ್ದಳು.

"ದೇಚು! ಹೊಡಿಯವಾ! ಇನ್ನೊಂದು ಹೊಡಿ, ಅದರ ಜೀವಾ ಬಿಡಿಸು!" ಅಂತ ಚೀರಿದವಳು ನಾನೇ. ಮೊಟ್ಟೆ ಒಡೆಯದ ಮನೆಯವಳು.

ಅವಳು ಕೋವಿ ಎತ್ತಿದಳು. ಎರಡನೆಯ ಗುಂಡು. ಸದ್ದು ಎದುರಿನ ಗುಡ್ಡಕ್ಕೆ ಬಡಿದು, ಕಣಿವೆಯಲ್ಲಿ ಉರುಳಿ, ನಮ್ಮ ಮೇಲೆಯೇ ತಿರುಗಿ ಬಂತು. ಆಮೇಲೆ ಏನೂ ಇಲ್ಲ. ಹಳ್ಳದ ನೀರಿನ ಸದ್ದು ಮಾತ್ರ.

ಕೋವಿಯಿಂದ ಗುಂಡು ತೆಗೆದು ಬಂಡೆಗೆ ಒರಗಿಸಿ, ದೇಚಮ್ಮ ನೆಲದ ಮೇಲೆ ಕೂತುಬಿಟ್ಟಳು.

"ಎರಡಾಯ್ತು. ಅವರಿಗೆ ಅಂತ ಇಟ್ಟಿದ್ದು ಸರೋಜಾ. ಒಂದು ಮೂಕಪ್ರಾಣೀನ ನರಳಿಸಿ ಹೊಡೆದುಬಿಟ್ಟೆ. ಇನ್ನು ಯಾವ ಮುಖ ಇಟ್ಕೊಂಡು ಅವರ ಹೆಸರಲ್ಲಿ ಹೊಡೀಲಿ?"

ಅವಳ ಬೆನ್ನು ಸವರುತ್ತಾ ಕೂತೆ. ಅಷ್ಟರಲ್ಲಿ ಟ್ರಕ್ಕಿನ ಸದ್ದು ಕೇಳಿತು. ಹಂದಿ ಬಿದ್ದರೆ ಕತ್ತಲಾದ ಮೇಲೆ ಬರುತ್ತೇನೆ ಅಂದಿದ್ದ ರೂಬೆನ್, ಆ ಕಲ್ಲುದಾರಿಯಲ್ಲಿ ಎಗರಿಸಿಕೊಂಡು ಬರುತ್ತಿದ್ದ. ಬಾಗಿಲು ಮುಚ್ಚದೆ ಇಳಿದ. ಕೋಲು ಮರೆತು ಬಂದಿದ್ದ. ಬಗ್ಗದ ಕಾಲನ್ನು ಎಳೆದುಕೊಂಡು, ಸತ್ತ ಹಂದಿಯ ಪಕ್ಕದಲ್ಲೇ ಹಾದು, ಅದರ ಕಡೆ ತಿರುಗಿಯೂ ನೋಡದೆ ನೇರ ನಮ್ಮ ಮುಂದೆ ಬಂದು ನಿಂತ. ನನ್ನನ್ನು ನೋಡಿದ, ಅವಳನ್ನು ನೋಡಿದ. ಇಬ್ಬರೂ ಬದುಕಿದ್ದೆವು. ಆಗ ಅವನ ಕೈ ಮೆಲ್ಲಗೆ ಮೇಲೆದ್ದು ಹ್ಯಾಟ್ ತೆಗೆಯಿತು.

"ಎರಡು ಕೇಳಿತು. ಬಂದೆ" ಅಂದ. ಆಮೇಲೆ ಕೇಳಿದ, "ಯಾರು?"

ದೇಚಮ್ಮ ಅವನ ಮುಖ ನೋಡಿದಳು.

"ಪೂವಯ್ಯ" ಅಂದಳು. "ಮೈ ಹಸ್ಬೆಂಡ್. ಕೋವಿಡ್‌ನಲ್ಲಿ. ಆವತ್ತು ಹೊಡೆಯೋಕಾಗಲಿಲ್ಲ."

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ರೂಬೆನ್ ಕೇಳಲಿಲ್ಲ. ಕಷ್ಟಪಟ್ಟು, ಬಂಡೆ ಹಿಡಿದುಕೊಂಡು, ಅವಳ ಪಕ್ಕದ ಮಣ್ಣಿನ ಮೇಲೆ ಕೂತ. ಹ್ಯಾಟನ್ನು ತೊಡೆಯ ಮೇಲೆ ಇಟ್ಟುಕೊಂಡ. "ನನಗೆ ಕೇಳಿಸಿದ್ದರೆ ಬಂದಿರುತ್ತಿದ್ದೆ" ಅಂದ. ದೇಚಮ್ಮ ಆಗ ಅತ್ತಳು. ಆ ಅಳು ನಾನು ಫೋನಿನಲ್ಲಿ ಕೇಳಿದ್ದ ಅಳುವಲ್ಲ. ಬಾಯಿ ತೆರೆದು, ಎದೆ ಬಡಿದುಕೊಂಡು, ಬಂದವರ ಮುಂದೆ ಅಳುವ ಅಳು. ನಾನೂ ಅತ್ತೆ. ನಾಚಿಕೆಯೇನಿಲ್ಲ, ಪೂವಯ್ಯ ನನಗೂ ಬೇಕಾದವನಾಗಿದ್ದ, ನಾನೂ ಅವನಿಗಾಗಿ ಯಾರ ಜೊತೆಯೂ ಕೂತು ಅತ್ತಿರಲಿಲ್ಲ.

ಆಮೇಲೆ ಕೆಲಸ ಇತ್ತು. ಹಂದಿಯನ್ನು ಹಗ್ಗ ಕಟ್ಟಿ ಟ್ರಕ್ಕಿಗೆ ಎಳೆದೆವು. ಹಗ್ಗದ ಒಂದು ತುದಿ ನಾನೂ ಹಿಡಿದೆ. ಕೊಟ್ಟಿಗೆಯ ದೀಪದಲ್ಲಿ ಅವರಿಬ್ಬರು ಕುಯ್ಯುವಾಗ ನಾನು ಹೊರಗೆ ನಿಂತು ಬೆಟ್ಟ ನೋಡಿದೆ. ಬೇಟೆಗೆ ಜೊತೆಯಾದವರಿಗೆಲ್ಲ ಒಂದೊಂದು ಪಾಲು, ಅದು ಕೊಡಗಿನ ಪದ್ಧತಿ. ಒಳಗಿನಿಂದ ರೂಬೆನ್ನನ ದನಿ ಕೇಳಿತು. "ಪೂನ ಪಾಲು ಎಲ್ಲಿ? ಇಡು" ಅಂದ. ದೇಚಮ್ಮ ಇಟ್ಟಳು, ಆ ಪಾಲನ್ನು ಅವನಿಗೇ ಕೊಟ್ಟಳು. ನನ್ನ ಪಾಲೂ ಅವಳಿಗೇ ಸೇರಿತು. ತೊಳೆದ ಜಾಡಿಯನ್ನು ಅವಳು ಮರೆಯದೆ ಕಾರಿನಲ್ಲಿ ಇಟ್ಟುಕೊಂಡಳು.

ರೂಬೆನ್ ಗೇಟಿನವರೆಗೆ ನಮ್ಮ ಹಿಂದೆಯೇ ಟ್ರಕ್ಕಿನಲ್ಲಿ ಬಂದ. ಕನ್ನಡಿಯಲ್ಲಿ ನೋಡಿದಾಗ ದೀಪದ ಮುಂದೆ ನಿಂತಿದ್ದ, ಹ್ಯಾಟ್ ಇನ್ನೂ ಕೈಯಲ್ಲೇ ಇತ್ತು. ದಾರಿಯಲ್ಲಿ ದೇಚಮ್ಮ ಒಂದೇ ಮಾತಾಡಿದ್ದು. "ಒಬ್ಬರು ಬಂದ್ರು" ಅಂದಳು, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಮನೆ ಮುಟ್ಟಿದಾಗ ನೀಲಾ ಬಾಗಿಲಲ್ಲೇ ಇದ್ದಳು. ತಾಯಿ ಮಗಳು ಒಳಗೆ ಹೋಗಿ ಕದ ಹಾಕಿಕೊಂಡರು. ನಾನು ಸೋಫಾದ ಮೇಲೆ ಹಾಗೇ ನಿದ್ದೆ ಹೋದೆ.

ಭಾನುವಾರ ಬೆಳಿಗ್ಗೆ ನಾನು ಹೊರಟಾಗ ದೇಚಮ್ಮ ಇನ್ನೂ ಎದ್ದಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಜಾಡಿ ಇತ್ತು. ಪೂವಯ್ಯನ ಫೋನ್ ಚಾರ್ಜಿನಲ್ಲಿ ಇರಲಿಲ್ಲ.

ಓಷನ್‌ಸೈಡ್ ದಾಟಿ, ಎಡಗಡೆ ಸಮುದ್ರ ಬಿಸಿಲಿಗೆ ಹೊಳೆಯುತ್ತಿರುವಾಗ ಕಾರಿನ ಫೋನ್ ಬಡಿದುಕೊಂಡಿತು. ನೀಲಾ. ಅಮ್ಮ ಇನ್ನೂ ಮಲಗಿದ್ದಾಳೆ, ಇಷ್ಟು ಹೊತ್ತು ಮಲಗಿದ್ದನ್ನು ತಾನು ನೋಡಿಯೇ ಇಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ರಾತ್ರಿ ಅಮ್ಮ ನಡೆದದ್ದೆಲ್ಲ ಹೇಳಿದಳು ಅಂದಳು.

"ಆಂಟಿ" ಅಂದಳು. ಒಂದೊಂದೇ ಮಾತು ಹುಡುಕಿ ಕನ್ನಡದಲ್ಲಿ ಕೇಳಿದಳು. "ಅಪ್ಪಂದು... ಆ ಎರಡು ಗುಂಡು... ಜೋರಾಗಿ ಕೇಳಿಸ್ತಾ?"

ನನ್ನ ಕಣ್ಣಿಗೆ ದಾರಿ ಮಂಜಾಯಿತು.

"ಕೇಳಸ್ತವಾ" ಅಂದೆ. "ಭಾಳ ಜೋರ್ ಕೇಳಸ್ತು. ಇಡೀ ಊರಿಗೇ ಕೇಳಸ್ತು."